ಬಲಗಡೆ ಹೊಟ್ಟಿ ಬ್ಯಾನಿ: ಅಪೆಂಡಿಕ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಸರ್ಜರಿ ವಾರ್ಡ್ ನರ್ಸ್ ಆಗಿ ಬಹಳ ವರ್ಷ ದುಡಿದೆ. ನಿವೃತ್ತಿ ಆದ ಮೇಲೂ ಪ್ರಶ್ನೆಗಳು ಬೆನ್ನು ಬಿಟ್ಟಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಸೇಡಂ ಬಸ್ಸಿನಲ್ಲಿ ಕೇಳುತ್ತಾರೆ, ರಾತ್ರಿ 11ಕ್ಕೆ ಫೋನ್ ಮಾಡಿ ಕೇಳುತ್ತಾರೆ. ಪತ್ರ ಬರೆದವರೂ ಇದ್ದಾರೆ. ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ಕಾಯಿಲೆ ಇದೇ ಅಂತ ನೀವೇ ತೀರ್ಮಾನ ಮಾಡಬೇಡಿ. ಮನೆಯಲ್ಲಿ ಯಾರಾದರೂ ಈಗಲೇ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದ್ದರೆ ಓದೋದು ಆಮೇಲೆ, ಮೊದಲು 108ಕ್ಕೆ ಫೋನ್ ಮಾಡಿ.

## ಮೊದಲಿಗೆ

ಅಪೆಂಡಿಕ್ಸ್ ಅಂದ್ರ ರೋಗದ ಹೆಸರೋ, ಅಂಗದ ಹೆಸರೋ?

ಅಂಗದ ಹೆಸರು. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಕಡೆ, ಹೊಟ್ಟೆಯ ಬಲಭಾಗದ ಕೆಳಗೆ, ಬೆರಳಿನಷ್ಟು ಉದ್ದದ ಒಂದು ಬಾಲ ಜೋತುಬಿದ್ದಿರುತ್ತದೆ. ಅದೇ ಅಪೆಂಡಿಕ್ಸ್. ಎಲ್ಲರಿಗೂ ಇರುತ್ತದೆ. ಅದು ಊದಿಕೊಂಡು ಕೀವಾದರೆ ಆ ಕಾಯಿಲೆಗೆ ಅಪೆಂಡಿಸೈಟಿಸ್ ಅಂತ ಹೆಸರು. ನಮ್ಮಲ್ಲಿ 'ಅವನಿಗೆ ಅಪೆಂಡಿಕ್ಸ್ ಆಗ್ಯಾದ' ಅನ್ನುವುದು ಈ ಅರ್ಥದಲ್ಲೇ. ಡಾಕ್ಟರಿಗೂ ಅದು ತಿಳಿಯುತ್ತದೆ, ಬಿಡಿ.

ಅದು ಯಾಕ ಊದ್ಕೋತದ? ಪೇರಲ ಬೀಜ ನುಂಗಿದ್ರ ಆಗ್ತದೇನ್ರಿ?

ಆ ಬಾಲದ ಒಂದು ತುದಿ ಮಾತ್ರ ತೆರೆದಿರುತ್ತದೆ, ಇನ್ನೊಂದು ತುದಿ ಮುಚ್ಚಿರುತ್ತದೆ. ತೆರೆದ ಬಾಯಿಗೆ ಗಟ್ಟಿಯಾದ ಮಲದ ಉಂಡೆ ಸಿಕ್ಕಿಕೊಳ್ಳಬಹುದು. ಒಳಗಿನ ಗ್ರಂಥಿಗಳು ಊದಿ ದಾರಿ ಕಟ್ಟಬಹುದು. ಅಪರೂಪಕ್ಕೆ ಹೊಟ್ಟೆಹುಳವೂ ಕಾರಣವಾಗುತ್ತದೆ. ದಾರಿ ಕಟ್ಟಿದರೆ ಒಳಗಿನ ದ್ರವ ಹೊರಗೆ ಬರಲ್ಲ, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಒತ್ತಡ ಏರುತ್ತದೆ, ರಕ್ತ ಓಡುವುದು ನಿಲ್ಲುತ್ತದೆ. ಕೊನೆಗೆ ಗೋಡೆ ಕೊಳೆತು ತೂತು ಬೀಳುತ್ತದೆ. ಎಷ್ಟೋ ಸಲ ಯಾಕೆ ಶುರುವಾಯಿತು ಅನ್ನುವುದು ಆಪರೇಷನ್ ಆದ ಮೇಲೂ ತಿಳಿಯಲ್ಲ.

ಬೀಜ ಸಿಕ್ಕಿಕೊಂಡ ಉದಾಹರಣೆಗಳು ವೈದ್ಯರ ಪುಸ್ತಕಗಳಲ್ಲಿ ಇವೆ, ಆದರೆ ತೀರಾ ಕಡಿಮೆ. ಪೇರಲ, ಕಲ್ಲಂಗಡಿ ಧಾರಾಳವಾಗಿ ತಿನ್ನಿ. ಮಕ್ಕಳಿಗೆ ಬೀಜ ನುಂಗಬೇಡ ಅಂತ ಹೆದರಿಸಿ ಹೆದರಿಸಿ ಹಣ್ಣನ್ನೇ ಬಿಡಿಸಿದ ತಾಯಂದಿರನ್ನು ನೋಡಿದ್ದೇನೆ.

ಯಾವ ವಯಸ್ಸಿನವರಿಗೆ ಜಾಸ್ತಿ?

10ರಿಂದ 30 ವರ್ಷದವರಲ್ಲಿ ಜಾಸ್ತಿ. ಹಾಗಂತ 4 ವರ್ಷದ ಮಗುವಿಗೆ, 70 ದಾಟಿದ ಅಜ್ಜನಿಗೆ ಬರಲ್ಲ ಅಂತೇನೂ ಇಲ್ಲ. ಆ ಎರಡು ವಯಸ್ಸಿನಲ್ಲೇ ಗುರುತು ಹಿಡಿಯೋದು ಕಷ್ಟ, ಒಡೆಯುವುದೂ ಜಾಸ್ತಿ.

## ಗುರುತು ಹಿಡಿಯುವುದು

ಹೊಟ್ಟಿ ಬ್ಯಾನಿ ಎಲ್ಲರಿಗೂ ಬರ್ತದ. ಇದು ಅಪೆಂಡಿಕ್ಸಂದೇ ಅಂತ ಹ್ಯಾಂಗ ತಿಳೀಬೇಕು?

ನೋವು ಎಲ್ಲಿದೆ ಅಂತ ಮಾತ್ರ ಕೇಳಿದರೆ ಸಾಲದು. ಎಲ್ಲಿ ಶುರುವಾಯಿತು, ಈಗ ಎಲ್ಲಿಗೆ ಬಂದಿದೆ ಅಂತ ಕೇಳಿ. ಇದರ ನೋವು ಜಾಗ ಬದಲಿಸುತ್ತದೆ.

ಶುರುವಿಗೆ ಹೊಕ್ಕುಳ ಸುತ್ತ ಮಂದವಾದ ನೋವು. ಬೆರಳಿಟ್ಟು ಇಲ್ಲೇ ಅಂತ ತೋರಿಸೋಕೆ ಆಗಲ್ಲ, ಅಂಗೈ ಆಡಿಸಿ ಇಲ್ಲೆಲ್ಲ ಅನ್ನುತ್ತಾರೆ. ಊಟ ಬೇಡ ಅನಿಸುತ್ತದೆ. ವಾಕರಿಕೆ, ಒಂದೆರಡು ಸಲ ವಾಂತಿ. ಕೆಲವು ಗಂಟೆ ಕಳೆದ ಮೇಲೆ, ಸಾಮಾನ್ಯವಾಗಿ ಒಂದು ದಿನದೊಳಗೆ, ನೋವು ಬಲಗಡೆ ಕೆಳಹೊಟ್ಟೆಗೆ ಇಳಿದು ಅಲ್ಲೇ ಕೂರುತ್ತದೆ. ಆಗ ಒಂದೇ ಬೆರಳಿನಿಂದ ತೋರಿಸುತ್ತಾರೆ. ಸೊಂಟದ ಮುಂದಿನ ಎಲುಬಿನ ತುದಿಯಿಂದ ಹೊಕ್ಕುಳಿಗೆ ಒಂದು ಗೆರೆ ಎಳೆದುಕೊಳ್ಳಿ. ಎಲುಬಿನ ಕಡೆಯಿಂದ ಮೂರರಲ್ಲಿ ಒಂದು ಪಾಲು ದೂರ ಬಂದರೆ ಆ ಜಾಗ ಸಿಗುತ್ತದೆ. ಅಮೆರಿಕದ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ಬರೆದದ್ದರಿಂದ ಅದಕ್ಕೆ ಮ್ಯಾಕ್‌ಬರ್ನಿ ಬಿಂದು ಅನ್ನುತ್ತಾರೆ.

ಜಾಗ ಯಾಕೆ ಬದಲಾಗುತ್ತದೆ? ಅಪೆಂಡಿಕ್ಸಿನ ನರ ಮತ್ತು ಹೊಕ್ಕುಳ ಸುತ್ತಲಿನ ಚರ್ಮದ ನರ ಬೆನ್ನುಹುರಿಗೆ ಸೇರುವುದು ಒಂದೇ ಮಟ್ಟದಲ್ಲಿ. ಮೆದುಳಿಗೆ ಮೊದಲು ಗೊಂದಲ ಆಗುತ್ತದೆ. ಊತ ಹೊಟ್ಟೆಯ ಒಳಪೊರೆಗೆ ತಾಗಿದಾಗ ಮಾತ್ರ ನಿಜವಾದ ಜಾಗ ಗೊತ್ತಾಗುತ್ತದೆ.

ಜ್ವರ ಸಣ್ಣದು, 99ರಿಂದ 101 ಡಿಗ್ರಿ. ಮೊದಮೊದಲು ಜ್ವರ ಇಲ್ಲದೇ ಇರಬಹುದು. ಇನ್ನೊಂದು ಸಣ್ಣ ಸುಳಿವು: ಇದರಲ್ಲಿ ಸಾಮಾನ್ಯವಾಗಿ ನೋವು ಮೊದಲು, ವಾಂತಿ ಆಮೇಲೆ. ಕೆಟ್ಟ ಊಟ ತಿಂದು ಹೊಟ್ಟೆ ಕೆಟ್ಟಾಗ ಹೆಚ್ಚಾಗಿ ವಾಂತಿಯೇ ಮೊದಲು ಬರುತ್ತದೆ.

ನನಗ ಹೊಕ್ಕುಳ ಹತ್ರ ನೋವೇ ಬಂದಿಲ್ಲ, ಬೆನ್ನಿಗಿ ಬಂತು. ಹಂಗೂ ಇರ್ತದೇನು?

ಇರುತ್ತದೆ. ಮೇಲೆ ಹೇಳಿದ್ದು ಪುಸ್ತಕದ ಲಕ್ಷಣ. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಮಾತ್ರ ಅಷ್ಟು ಚೊಕ್ಕವಾಗಿ ಕಾಣುತ್ತದೆ. ಬಾಲ ಎಲ್ಲರಲ್ಲೂ ಒಂದೇ ಕಡೆ ತೂಗಾಡುವುದಿಲ್ಲ. ಕರುಳಿನ ಹಿಂದೆ ಅಡಗಿದ್ದರೆ ನೋವು ಬೆನ್ನಿಗೆ, ಪಕ್ಕೆಗೆ ಬರುತ್ತದೆ. ಕೆಳಗೆ ಮೂತ್ರಕೋಶದ ಕಡೆ ಇಳಿದಿದ್ದರೆ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನಿಸುತ್ತದೆ, ಭೇದಿಯೂ ಆಗಬಹುದು. 'ಭೇದಿ ಆಗ್ತಿದೆಯಲ್ಲ, ಹಂಗಾದ್ರೆ ಅಪೆಂಡಿಕ್ಸ್ ಅಲ್ಲ' ಅಂತ ಸಮಾಧಾನ ಪಡಬೇಡಿ.

ಮನ್ಯಾಗ ನೋಡಿ ತಿಳ್ಕೊಳ್ಳೋ ಪರೀಕ್ಷಾ ಏನರ ಅದೇನು?

ಖಾತ್ರಿ ಮಾಡುವಂಥದ್ದು ಇಲ್ಲ. ಅನುಮಾನ ಹುಟ್ಟಿಸುವಂಥದ್ದು ಇದೆ. ಕೆಮ್ಮಲು ಹೇಳಿ. ಬಲಗಡೆ ಕೆಳಗೆ ಚುಚ್ಚಿದಂತೆ ಆಗುತ್ತದೆಯಾ? ಮಕ್ಕಳಾದರೆ ಕುಂಟಬಿಲ್ಲೆ ಆಡುವಂತೆ ಬಲಗಾಲಿನ ಮೇಲೆ ಒಂದೆರಡು ಸಲ ಜಿಗಿಯಲು ಹೇಳಿ. ಜಿಗಿಯಲಾರದೆ ಹೊಟ್ಟೆ ಹಿಡಿದುಕೊಂಡರೆ ತಡ ಮಾಡಬೇಡಿ.

ಮತ್ತೊಂದು ಪರೀಕ್ಷೆ ನಮ್ಮ ರಸ್ತೆಗಳೇ ಮಾಡುತ್ತವೆ. ಗಾಡಿ ಹಂಪ್ ಹಾರಿದಾಗ ನೋವು ಜೋರಾಯಿತಾ ಅಂತ ಡಾಕ್ಟರ್ ಕೇಳಿದರೆ ನಗಬೇಡಿ. ಇಂಗ್ಲೆಂಡಿನಲ್ಲಿ ಇದನ್ನೇ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ್ದಾರೆ. ಹಂಪ್ ದಾಟಿ ಬಂದವರ ಪೈಕಿ ಅಪೆಂಡಿಸೈಟಿಸ್ ಖಾತ್ರಿಯಾದ 34 ಜನರಲ್ಲಿ 33 ಜನರಿಗೆ ಹಂಪ್ ಮೇಲೆ ನೋವು ಏರಿತ್ತು. ಆದರೆ ಬೇರೆ ಕಾಯಿಲೆ ಇದ್ದವರಲ್ಲೂ ಹಲವರಿಗೆ ಏರಿತ್ತು. ಹಾಗಾಗಿ ಹಂಪ್ ಮೇಲೆ ನೋವು ಬಂದರೆ ಇದೇ ಅಂತಲ್ಲ. ಬರದೇ ಇದ್ದರೆ ಇದಾಗಿರುವ ಸಾಧ್ಯತೆ ಕಡಿಮೆ, ಅಷ್ಟೇ. ನಮ್ಮ ಜಿಲ್ಲೆಗಳಲ್ಲಿ ಹಂಪ್ ಇಲ್ಲದಿದ್ದರೂ ಗುಂಡಿ ಇರುತ್ತವೆ ಬಿಡಿ.

ಹೊಟ್ಟೆಯನ್ನು ಪದೇ ಪದೇ ಅದುಮಿ ನೋಡುವುದು ಮಾತ್ರ ಬೇಡ. ಮನೆಗೆ ಬಂದವರೆಲ್ಲ ಒಮ್ಮೊಮ್ಮೆ ಅದುಮಿ 'ಇಲ್ಲೇನು?' ಅಂತ ಕೇಳುವುದು ನಮ್ಮ ಕಡೆ ದೊಡ್ಡ ಕಾಟ.

ಗ್ಯಾಸೋ, ಮೂತ್ರದ ಹರಳೋ, ಇದೋ? ಫರಕ್ ಹ್ಯಾಂಗ ಗೊತ್ತಾಗ್ತದ?

ಗ್ಯಾಸಿನ ನೋವು ಅಲ್ಲಿ ಇಲ್ಲಿ ಓಡಾಡುತ್ತದೆ. ತೇಗು ಬಂದರೆ, ಗಾಳಿ ಹೋದರೆ ಹಗುರ ಆಗುತ್ತದೆ. ಅಪೆಂಡಿಕ್ಸಿನ ನೋವು ಒಂದೇ ಕಡೆ ಕೂತು ಗಂಟೆ ಗಂಟೆಗೆ ಬಲಿಯುತ್ತದೆ.

ಹರಳಿನ ನೋವು ನಮ್ಮ ಬಿಸಿಲ ನಾಡಿನಲ್ಲಿ ಸಾಮಾನ್ಯ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದ ಬಿಸಿಲು, ಕುಡಿಯುವ ನೀರು ಕಡಿಮೆ. ಆ ನೋವು ಬೆನ್ನಿನ ಪಕ್ಕೆಯಿಂದ ಹೊರಟು ತೊಡೆಸಂದಿಗೆ ಇಳಿಯುತ್ತದೆ, ಅಲೆ ಅಲೆಯಾಗಿ ಬರುತ್ತದೆ. ವಾರ್ಡಿನಲ್ಲಿ ನಾವು ಬಾಗಿಲಲ್ಲೇ ಊಹಿಸುತ್ತಿದ್ದೆವು. ಹರಳಿನವರು ಮಂಚದ ಮೇಲೆ ಒಂದು ಕಡೆ ಇರಲ್ಲ, ಹೊರಳಾಡುತ್ತಾರೆ, ಎದ್ದು ತಿರುಗಾಡುತ್ತಾರೆ. ಅಪೆಂಡಿಕ್ಸಿನವರು ಅಲುಗಾಡದೆ ಮಂಡಿ ಮಡಚಿ ಮಲಗಿರುತ್ತಾರೆ. ಮಂಚಕ್ಕೆ ಯಾರಾದರೂ ತಾಗಿದರೂ ಸಿಡುಕುತ್ತಾರೆ. ನಮ್ಮ ಊಹೆ ತಪ್ಪಿದ್ದೂ ಉಂಟು, ಅದಕ್ಕೇ ಸ್ಕ್ಯಾನ್ ಬೇಕು.

ಹೆಣ್ಣುಮಕ್ಕಳಿಗೆ ಮುಟ್ಟಿನ ನೋವು ಅಂತ ಬಿಟ್ಟುಬಿಡ್ತಾರಲ್ಲ?

ಬಿಡುತ್ತಾರೆ, ಅದು ತಪ್ಪು. ಅಂಡಾಶಯದ ಗಡ್ಡೆ ತಿರುಚಿಕೊಂಡರೆ, ಗರ್ಭನಾಳದಲ್ಲಿ ಗರ್ಭ ನಿಂತರೆ, ಗರ್ಭಕೋಶದ ಸುತ್ತ ಸೋಂಕು ಆದರೆ ನೋವು ಇದೇ ಜಾಗದಲ್ಲಿ ಬರುತ್ತದೆ. ಮೊದಲ ಎರಡರಲ್ಲಿ ಒಂದೊಂದು ಗಂಟೆಯೂ ಮುಖ್ಯ. ಮುಟ್ಟು ತಪ್ಪಿದ್ದರೆ ಡಾಕ್ಟರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಮದುವೆ ಆಗದ ಹುಡುಗಿಗೂ ಮೂತ್ರ ಪರೀಕ್ಷೆ ಬರೆದುಕೊಟ್ಟರೆ ಮನೆಯವರು ಜಗಳ ಮಾಡಬೇಡಿ. ಅದು ಆಸ್ಪತ್ರೆಯ ಕ್ರಮ.

ಬಸುರಿಯರಲ್ಲೂ ಅಪೆಂಡಿಸೈಟಿಸ್ ಬರುತ್ತದೆ. ತಿಂಗಳು ತುಂಬುತ್ತ ಹೋದಂತೆ ಗರ್ಭಕೋಶ ಕರುಳನ್ನು ಮೇಲೆ ತಳ್ಳುವುದರಿಂದ ನೋವು ಪಕ್ಕೆಯ ಕಡೆ ಕಾಣಿಸಬಹುದು. ಒಡೆದರೆ ತಾಯಿಗೂ ಮಗುವಿಗೂ ಅಪಾಯ. 'ಬಸುರಿಗೆ ಆಪರೇಷನ್ ಬೇಡ' ಅಂತ ಹಿರಿಯರು ತಡೆಯುವುದರಲ್ಲಿ ಅಪಾಯ ಇನ್ನೂ ಜಾಸ್ತಿ.

ನಮ್ಮ ಹುಡುಗ ಹೊಟ್ಟಿ ಅಂತಾನ, ಮತ್ತ ಸಾಲಿ ತಪ್ಪಿಸ್ಲಿಕ್ಕ ನೆಪ ಇರಬಹುದೇನೋ?

ಇರಬಹುದು. ನೆಪದ ಹೊಟ್ಟೆನೋವು ಕುರುಕಲು ಪೊಟ್ಟಣ ಬಿಚ್ಚಿದ ಸದ್ದಿಗೆ ಮಾಯವಾಗುತ್ತದೆ! ಇಷ್ಟದ ತಿಂಡಿಯನ್ನೂ ಬೇಡ ಅಂದ, ಆಡೋಕೆ ಏಳಲಿಲ್ಲ, ಬಗ್ಗಿ ನಡೆಯುತ್ತಾನೆ ಅಂದರೆ ಅದು ನೆಪ ಅಲ್ಲ. ಚಿಕ್ಕ ಮಕ್ಕಳು ನೋವಿನ ಜಾಗ ಸರಿಯಾಗಿ ಹೇಳಲ್ಲ, ಬರೀ ಅಳುತ್ತಾರೆ, ಮಂಕಾಗುತ್ತಾರೆ. 5 ವರ್ಷದ ಒಳಗಿನವರಲ್ಲಿ ಎಷ್ಟೋ ಸಲ ಒಡೆದ ಮೇಲೇ ಗೊತ್ತಾಗುತ್ತದೆ.

ಗಂಡು ಹುಡುಗರ ತಂದೆತಾಯಿಗೆ ಇನ್ನೊಂದು ಮಾತು. ವೃಷಣ ತಿರುಚಿಕೊಂಡರೂ ಕೆಲವರು ನಾಚಿಕೆಯಿಂದ ಹೊಟ್ಟೆನೋವು ಅಂತಲೇ ಹೇಳುತ್ತಾರೆ. ಅದನ್ನು ಉಳಿಸಲು ಸಿಗುವುದು ಸುಮಾರು 6 ಗಂಟೆ. ಕೇಳಿ, ನೋಡಿ.

## ಆಸ್ಪತ್ರೆ ದಾರಿ

ಬಟ್ಟಿ ಸರದದ ಅಂತ ತಿಕ್ಕಿಸಿದ್ವಿ, ಔಡಲೆಣ್ಣಿ ಕೊಟ್ವಿ. ತಪ್ಪಾಯ್ತೇನ್ರಿ?

ಈ ಪ್ರಶ್ನೆಗೆ ನನ್ನ ಮನೆಯ ಕಥೆಯೇ ಉತ್ತರ. ನನ್ನ ತಮ್ಮನಿಗೆ ಆಗ 12 ವರ್ಷ. ಸಂಜೆ ಹೊಕ್ಕುಳ ಹತ್ತಿರ ನೋವು ಅಂದ. ಅಜ್ಜಿ ಬಟ್ಟಿ ಸರದದ, ಅಂದರೆ ಹೊಕ್ಕುಳ ಜಾಗ ಬಿಟ್ಟು ಸರಿದಿದೆ, ಅಂದಳು, ತಿಕ್ಕಿಸಿದೆವು. ಮಾರನೆಯ ದಿನ ಹೊಟ್ಟೆ ಕಟ್ಟಿದೆ ಅಂತ ಔಡಲೆಣ್ಣೆ ಕುಡಿಸಿದರು. ಊರಲ್ಲಿ ಸೂಜಿ ಹಾಕುವವನೊಬ್ಬ ಬಂದು ನೋವಿನ ಇಂಜೆಕ್ಷನ್ ಕೊಟ್ಟು ಹೋದ. ಮೂರನೆಯ ದಿನ ಬೆಳಿಗ್ಗೆ ನೋವು ತಟ್ಟನೆ ಇಳಿಯಿತು. ಮನೆಯಲ್ಲಿ ಎಲ್ಲರಿಗೂ ಖುಷಿ, ಅಜ್ಜಿ ದೇವರಿಗೆ ಕಾಯಿ ಒಡೆದಳು. ಸಂಜೆ ಹೊತ್ತಿಗೆ ಹುಡುಗ ಬೆಂಕಿಯಂತೆ ಸುಡುತ್ತಿದ್ದ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಬೆಳಿಗ್ಗೆ ನೋವು ಇಳಿದದ್ದು ಅಪೆಂಡಿಕ್ಸ್ ಒಡೆದು ಒಳಗಿನ ಒತ್ತಡ ಇಳಿದಿದ್ದರಿಂದ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದರು. ಬದುಕಿದ, ಮೂರು ವಾರ ಆಸ್ಪತ್ರೆಯಲ್ಲಿದ್ದು. ಹೊಟ್ಟೆಯ ಮೇಲೆ ಗೇಣುದ್ದ ಗುರುತು ಇವತ್ತಿಗೂ ಇದೆ. ನಾನು ನರ್ಸಿಂಗ್ ಸೇರಿದ್ದಕ್ಕೆ ಅದೂ ಒಂದು ಕಾರಣ.

ಜುಲಾಬು, ಎನಿಮಾ ಕರುಳನ್ನು ಜೋರಾಗಿ ಹಿಂಡುತ್ತವೆ. ಊದಿದ ಅಪೆಂಡಿಕ್ಸ್ ಒಡೆಯುವ ಭಯ ಹೆಚ್ಚಾಗುತ್ತದೆ. ತಿಕ್ಕುವುದೂ ಬೇಡ, ಬಿಸಿನೀರ ಚೀಲವೂ ಬೇಡ. ಮಕ್ಕಳ ಹೊಟ್ಟೆಗೆ ಬರೆ ಹಾಕುವುದು ಕೆಲವು ಕಡೆ ಇನ್ನೂ ನಿಂತಿಲ್ಲ. ಅದರಿಂದ ಕಾಯಿಲೆ ಹೋಗಲ್ಲ, ಸುಟ್ಟ ಗಾಯ ಸೇರಿಕೊಳ್ಳುತ್ತದೆ. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಗೊತ್ತಿದ್ದದ್ದು ಅಷ್ಟು. ನಮಗೆ ಈಗ ಹೆಚ್ಚು ಗೊತ್ತಿದೆ.

ಬೆಳಗಾತನಕ ಕಾಯಬಹುದೇನು?

ನೋವು ಬಲಗಡೆ ಇಳಿದಿದ್ದರೆ, ಅಥವಾ ನಾಲ್ಕಾರು ಗಂಟೆ ಬಿಡದೆ ಏರುತ್ತಲೇ ಇದ್ದರೆ, ಕಾಯಬೇಡಿ. ಒಡೆಯುವುದು ಸಾಮಾನ್ಯವಾಗಿ ನೋವು ಶುರುವಾದ 24ರಿಂದ 72 ಗಂಟೆಯ ನಡುವೆ, ಕೆಲವರಲ್ಲಿ ಇನ್ನೂ ಬೇಗ. ಸಾಕಷ್ಟು ಹೊತ್ತಿದೆ ಅನಿಸುತ್ತದೆ ಅಲ್ವಾ? ಲೆಕ್ಕ ಹಾಕಿ ನೋಡಿ. ಗ್ಯಾಸ್ ಇರಬಹುದು ಅಂತ ಅರ್ಧ ದಿನ. ಗಂಡ ಹೊಲದಿಂದ ಬರಲಿ ಅಂತ ಒಂದಷ್ಟು ಹೊತ್ತು. ಹುಣಸಗಿ ಕಡೆಯಿಂದ ಯಾದಗಿರಿಗೆ, ಔರಾದ್ ಗಡಿಯ ಹಳ್ಳಿಯಿಂದ ಬೀದರ್‌ಗೆ ಬರುವ ದಾರಿ. ಅಲ್ಲಿ ಚೀಟಿ, ರಕ್ತ ಪರೀಕ್ಷೆ, ಸ್ಕ್ಯಾನ್. ಕೈಯಲ್ಲಿದ್ದ ಹೊತ್ತು ಅರ್ಧ ಅಲ್ಲೇ ಕರಗಿತು.

ಹೊಟ್ಟೆ ಗಟ್ಟಿಯಾಗಿದ್ದರೆ, ಜ್ವರ 102 ದಾಟಿ ನಡುಕ ಬಂದರೆ, ವಾಂತಿ ನಿಲ್ಲದಿದ್ದರೆ, ಇದ್ದಕ್ಕಿದ್ದಂತೆ ನೋವು ಇಳಿದು ಆಮೇಲೆ ಇಡೀ ಹೊಟ್ಟೆಗೆ ಹಬ್ಬಿದರೆ, ರೋಗಿ ಮಂಕಾಗಿ ಮೈ ಬೆವರಿದರೆ ಒಂದು ನಿಮಿಷವೂ ಬೇಡ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಸ್ಟೀರಾಯ್ಡ್ ಮಾತ್ರೆ ನುಂಗುವವರಲ್ಲಿ ನೋವು ಜ್ವರ ಎರಡೂ ಸಣ್ಣದಾಗಿಯೇ ಇರಬಹುದು. ಅವರ ವಿಷಯದಲ್ಲಿ ಸಣ್ಣ ನೋವನ್ನೂ ದೊಡ್ಡದು ಅಂತಲೇ ನೋಡಿ.

ಎಲ್ಲಿಗಿ ಒಯ್ಯಬೇಕು? ಸೀದಾ ಸೊಲ್ಲಾಪುರಕ್ಕೋ, ಹೈದರಾಬಾದಿಗೋ?

ನಮ್ಮವರ ಹಳೇ ಅಭ್ಯಾಸ ಇದು. ಕಲಬುರಗಿಯವರು ಸೊಲ್ಲಾಪುರ ಅನ್ನುತ್ತಾರೆ, ಬೀದರಿನವರು ಹೈದರಾಬಾದ್ ಅನ್ನುತ್ತಾರೆ. ಅಪೆಂಡಿಕ್ಸ್ ಸಾಮಾನ್ಯ ಆಪರೇಷನ್. ಸರ್ಜನ್, ಅರಿವಳಿಕೆ ಡಾಕ್ಟರ್, ಥಿಯೇಟರ್ ಇರುವ ಹತ್ತಿರದ ಆಸ್ಪತ್ರೆ ಸಾಕು. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಅಂತ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ ಇವೆ. ತಾಲ್ಲೂಕು ಆಸ್ಪತ್ರೆ ಹತ್ತಿರವಿದ್ದರೆ ಸರ್ಜನ್ ಇದ್ದಾರಾ ಅಂತ ಫೋನ್ ಮಾಡಿ ಕೇಳಿ ಹೋಗಿ. ರಾತ್ರಿ ಹೊತ್ತು ಇದು ಮುಖ್ಯ. 108 ಆಂಬ್ಯುಲೆನ್ಸಿಗೆ ದುಡ್ಡು ಕೊಡಬೇಕಿಲ್ಲ. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೋಗುವುದು ಬೇಡ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಖಾಸಗಿ ಆಸ್ಪತ್ರೆಯಾದರೆ ಯೋಜನೆಯಲ್ಲಿ ಇದೆಯಾ, ರೆಫರಲ್ ಬೇಕಾ ಅಂತ ಸೇರುವಾಗಲೇ ಕೇಳಿ. ಕಾರ್ಡ್ ಸಿಗಲಿಲ್ಲ ಅಂತ ಮನೆಯಲ್ಲಿ ಹುಡುಕುತ್ತ ಕೂರಬೇಡಿ, ಹಿಂದಿನಿಂದ ಯಾರಾದರೂ ತರಲಿ.

ಹೋಗೋದರಾಗ ಏನು ಕೊಡಬೇಕು? ಗಂಜಿ? ಎಳನೀರು?

ಏನೂ ಬೇಡ. ಆಪರೇಷನ್ ಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಗಟ್ಟಿ ಆಹಾರ ತಿಂದು ಕನಿಷ್ಠ 6 ಗಂಟೆ ಆಗಿರಬೇಕು. ಬಾಯಿ ಒಣಗಿದರೆ ತುಟಿ ಒದ್ದೆ ಮಾಡಿ. ಕೊನೆಗೆ ಯಾವಾಗ ಏನು ತಿಂದದ್ದು ಅಂತ ನೆನಪಿಟ್ಟುಕೊಂಡು ನಿಜ ಹೇಳಿ. 'ಒಂದೇ ರೊಟ್ಟಿ' ಅಂತ ಸುಳ್ಳು ಹೇಳಿದರೆ ಅರಿವಳಿಕೆ ಕೊಡುವಾಗ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್ ಬಗ್ಗೆ ಫೋನಿನಲ್ಲೇ ಕೇಳಿಕೊಳ್ಳಿ.

ಈಗಾಗಲೇ ಒಂದು ಪ್ಯಾರಾಸಿಟಮಾಲ್ ನುಂಗಿದ್ದರೆ ಅಪರಾಧವೇನಲ್ಲ, ಡಾಕ್ಟರಿಗೆ ಹೇಳಿ. ಆಸ್ಪತ್ರೆಯಲ್ಲಿ ನೋವಿನ ಔಷಧ ಕೊಟ್ಟ ಮೇಲೂ ಅವರು ಪರೀಕ್ಷೆ ಮಾಡಬಲ್ಲರು. ಮನೆಯಲ್ಲಿ ನೋವಿನ ಸೂಜಿಯ ಮೇಲೆ ಸೂಜಿ ಹಾಕಿಸಿಕೊಂಡು ದಿನ ದೂಡುವುದೇ ತೊಂದರೆ.

## ಸ್ವಲ್ಪ ಒಳಗಿನ ಪ್ರಶ್ನೆಗಳು

ಸ್ಕ್ಯಾನಿನಾಗ ನಾರ್ಮಲ್ ಬಂದದ, ಆದ್ರೂ ಡಾಕ್ಟರ್ ಬಿಡವಲ್ಲರು. ರೊಕ್ಕದ ಆಸೆ ಏನು?

ಈ ಅನುಮಾನ ಎಲ್ಲ ಸಲವೂ ನ್ಯಾಯವಲ್ಲ. ಅಲ್ಟ್ರಾಸೌಂಡಿನಲ್ಲಿ ಅಪೆಂಡಿಕ್ಸ್ ಕಾಣದೇ ಹೋಗುವುದು ಸಾಮಾನ್ಯ. ಗ್ಯಾಸ್ ಅಡ್ಡ ಬರುತ್ತದೆ, ದಪ್ಪ ಮೈಯವರಲ್ಲಿ ಇನ್ನೂ ಕಷ್ಟ. 'ಕಾಣಲಿಲ್ಲ' ಬೇರೆ, 'ಚೆನ್ನಾಗಿದೆ' ಬೇರೆ. ವರದಿಯಲ್ಲಿ ಯಾವುದು ಬರೆದಿದೆ ಅಂತ ಕೇಳಿ. ರಕ್ತದಲ್ಲಿ ಬಿಳಿ ಕಣ ಏರಿದೆಯಾ, ಹೊಟ್ಟೆ ಮುಟ್ಟಿದಾಗ ಏನು ಸಿಕ್ಕಿತು, ಎಲ್ಲ ಸೇರಿಸಿ ತೀರ್ಮಾನ ಮಾಡುತ್ತಾರೆ. ಗೊಂದಲ ಉಳಿದರೆ ದೊಡ್ಡವರಿಗೆ ಸಿಟಿ ಸ್ಕ್ಯಾನ್. ಮಕ್ಕಳಿಗೆ, ಬಸುರಿಯರಿಗೆ ವಿಕಿರಣ ಬೇಡ ಅಂತ ಅಲ್ಟ್ರಾಸೌಂಡೇ ಮೊದಲು. ಒಂದಷ್ಟು ಗಂಟೆ ಇಟ್ಟುಕೊಂಡು ಮತ್ತೆ ಮತ್ತೆ ಹೊಟ್ಟೆ ನೋಡುವುದೂ ಒಂದು ಪರೀಕ್ಷೆಯೇ.

ಅನುಮಾನ ಪಡಬೇಕಾದ ಜಾಗ ಬೇರೆ ಇದೆ. ವರ್ಷಗಟ್ಟಲೆ ಬಂದು ಹೋಗುವ ಹೊಟ್ಟೆನೋವು, ಜ್ವರ ಇಲ್ಲ, ರಕ್ತ ಪರೀಕ್ಷೆ ಸರಿ ಇದೆ, ಆದರೂ 'ಅಪೆಂಡಿಕ್ಸ್ ತೆಗೆದುಬಿಡೋಣ' ಅಂದರೆ ಇನ್ನೊಬ್ಬ ಸರ್ಜನ್ನರ ಅಭಿಪ್ರಾಯ ಕೇಳಿ. ಅಲ್ಲಿ ಒಂದು ವಾರ ತಡವಾದರೆ ಏನೂ ಮುಳುಗಲ್ಲ.

ರಾತ್ರಿ ಸೇರಿಸಿದ್ರು, ಆಪರೇಷನ್ ನಾಳೆ ಅಂತಾರ. ನೀವೇ ತಡ ಮಾಡಬ್ಯಾಡ್ರಿ ಅಂದ್ರಲ್ಲ?

ಮನೆಯ ತಡ ಬೇರೆ, ಆಸ್ಪತ್ರೆಯ ತಡ ಬೇರೆ. ಒಳಗೆ ಡ್ರಿಪ್ ಓಡುತ್ತಿರುತ್ತದೆ, ಆಂಟಿಬಯಾಟಿಕ್ ಹೋಗುತ್ತಿರುತ್ತದೆ, ನಾಡಿ ಜ್ವರ ನೋಡುತ್ತಿರುತ್ತಾರೆ. ಒಡೆದಿಲ್ಲದ ಸರಳ ಅಪೆಂಡಿಸೈಟಿಸ್ ಇರುವ ದೊಡ್ಡವರಲ್ಲಿ 24 ಗಂಟೆಯೊಳಗೆ ಆಪರೇಷನ್ ಮಾಡಿದರೆ, ತಕ್ಷಣ ಮಾಡಿದ್ದಕ್ಕಿಂತ ಒಡೆಯುವುದು ಹೆಚ್ಚಲ್ಲ ಅಂತ ಯುರೋಪಿನ ಅಧ್ಯಯನ ತೋರಿಸಿದೆ. ನೋವು ಏರಿದರೆ, ಚಳಿ ಬಂದರೆ ಮಾತ್ರ ಡ್ಯೂಟಿ ನರ್ಸ್‌ನ ಎಬ್ಬಿಸಿ. ಬೈಸಿಕೊಂಡರೂ ಪರವಾಗಿಲ್ಲ.

ಆಪರೇಷನ್ ಇಲ್ದ ಬರೇ ಗುಳಿಗಿಲೆ ಗುಣ ಆಗಂಗಿಲ್ಲೇನು?

ಕೆಲವರಲ್ಲಿ ಆಗುತ್ತದೆ. ಅಮೆರಿಕದಲ್ಲಿ 1,552 ದೊಡ್ಡವರ ಮೇಲೆ ನಡೆದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆಂಟಿಬಯಾಟಿಕ್ ಮಾತ್ರ ಪಡೆದವರಲ್ಲಿ 10ಕ್ಕೆ ಸುಮಾರು 3 ಜನರಿಗೆ 90 ದಿನದೊಳಗೆ ಆಪರೇಷನ್ ಬೇಕಾಯಿತು. ಫಿನ್ಲೆಂಡಿನ ಇನ್ನೊಂದು ಅಧ್ಯಯನದಲ್ಲಿ 5 ವರ್ಷದೊಳಗೆ ಶೇಕಡಾ 39ರಷ್ಟು ಜನರಲ್ಲಿ ಕಾಯಿಲೆ ಮರಳಿತ್ತು. ಒಳಗೆ ಗಟ್ಟಿ ಉಂಡೆ ಇದ್ದವರಿಗೆ ಈ ದಾರಿ ಅಷ್ಟು ಒಳ್ಳೆಯದಲ್ಲ. ಈ ಔಷಧ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿ ಶುರುಮಾಡುವುದು, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವುದಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನೀವು ಎಲ್ಲಿರುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಕಲಬುರಗಿ ಪೇಟೆಯಲ್ಲಿ ಮನೆ ಇದ್ದವರು ಕಾದು ನೋಡಬಹುದು. ಚಿಂಚೋಳಿ ಕಡೆಯ ತಾಂಡಾದವರು, ಸುಗ್ಗಿ ಮುಗಿಸಿ ಮುಂಬೈಗೆ ದುಡಿಯಲು ಹೊರಡುವವರು ಏನು ಮಾಡಬೇಕು? ನೋವು ಮರಳಿದಾಗ ಯಾವ ಊರಲ್ಲಿರುತ್ತೀರಿ ಅಂತ ಯೋಚಿಸಿ ಸರ್ಜನ್ ಜೊತೆ ಮಾತಾಡಿ.

ಗಂಟು ಆಗ್ಯಾದ ಅಂತ ಹೇಳಿ ಆಪರೇಷನ್ ಮಾಡ್ದೇ ಕಳ್ಸಿದ್ರು. ಸರಿನೇನು?

ಸರಿ ಇರಬಹುದು. ನಾಲ್ಕೈದು ದಿನ ತಡವಾಗಿ ಬಂದವರಲ್ಲಿ ಕರುಳು, ಕೊಬ್ಬಿನ ಪೊರೆ ಎಲ್ಲ ಬಂದು ಅಪೆಂಡಿಕ್ಸನ್ನು ಸುತ್ತಿಕೊಂಡು ಗಂಟು ಕಟ್ಟುತ್ತವೆ. ಆಗ ಕೈ ಹಾಕಿದರೆ ಕರುಳಿಗೇ ಪೆಟ್ಟಾಗುವ ಭಯ. ಆಂಟಿಬಯಾಟಿಕ್ ಕೊಡುತ್ತಾರೆ, ಕೀವಿದ್ದರೆ ಸೂಜಿಯಿಂದ ತೆಗೆಯುತ್ತಾರೆ. ಬೇಕಿದ್ದರೆ 6ರಿಂದ 8 ವಾರದ ಮೇಲೆ ಆಪರೇಷನ್. ಕೊಟ್ಟ ತಾರೀಖಿಗೆ ವಾಪಸ್ ಹೋಗಿ. 40 ದಾಟಿದವರಿಗೆ ದೊಡ್ಡ ಕರುಳಿನ ಪರೀಕ್ಷೆಯನ್ನೂ ಹೇಳಬಹುದು, ಅದನ್ನು ತಪ್ಪಿಸಬೇಡಿ.

ಪೂರ್ತಿ ಎಚ್ಚರ ತಪ್ಪಿಸ್ತಾರೇನು? ನನಗ ಅದೇ ಅಂಜಿಕಿ.

ದುರ್ಬೀನಿನ ಆಪರೇಷನ್ನಿಗೆ (ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಮಾಡುವುದು, ಲ್ಯಾಪರೋಸ್ಕೋಪಿ) ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ, ಹೊಟ್ಟೆ ಕೊಯ್ದು ಮಾಡುವುದಕ್ಕೆ ಎಷ್ಟೋ ಕಡೆ ಬೆನ್ನಿಗೆ ಸೂಜಿ. ಅಂಜುವವರಿಗೆ ನಾನೊಂದು ಕಥೆ ಹೇಳುತ್ತಿದ್ದೆ. 1961ರ ಏಪ್ರಿಲ್ 30ರಂದು ಅಂಟಾರ್ಕ್ಟಿಕಾದಲ್ಲಿ ಲಿಯೊನಿದ್ ರೊಗೊಜೊವ್ ಅನ್ನುವ ರಷ್ಯಾದ ಡಾಕ್ಟರ್ ತನ್ನ ಅಪೆಂಡಿಕ್ಸನ್ನು ತಾನೇ ತೆಗೆದುಕೊಂಡ. ಅಲ್ಲಿ ಬೇರೆ ಡಾಕ್ಟರೇ ಇರಲಿಲ್ಲ. ಜಾಗ ಮರಗಟ್ಟಿಸುವ ಸೂಜಿ ಮಾತ್ರ, ಕನ್ನಡಿ ಹಿಡಿಯಲು ಜೊತೆಗಾರರು. ಬದುಕಿದ. ಕಥೆ ಕೇಳಿ ರೋಗಿಗಳು ನಗುತ್ತಿದ್ದರು, ಬಿಪಿ ಸ್ವಲ್ಪ ಇಳಿಯುತ್ತಿತ್ತು.

ತೊಗರಿ ರಾಶಿ ಹತ್ತಿರ ಬಂದದ. ಚೀಲ ಯಾವಾಗ ಎತ್ತಬಹುದು?

ದುರ್ಬೀನಿನಲ್ಲಿ ಆಗಿದ್ದರೆ ಒಂದೆರಡು ದಿನಕ್ಕೆ ಮನೆ, ವಾರದಲ್ಲಿ ಸಣ್ಣಪುಟ್ಟ ಕೆಲಸ. ಭಾರ ಎತ್ತುವುದು ಎರಡು ಮೂರು ವಾರದ ಮೇಲೆ. ಹೊಟ್ಟೆ ಕೊಯ್ದಿದ್ದರೆ 4ರಿಂದ 6 ವಾರ. ಚೀಲಕ್ಕೆ ಅವಸರ ಮಾಡಿದರೆ ಹೊಲಿಗೆ ಜಾಗದಲ್ಲಿ ಹರ್ನಿಯಾ ಬಂದು ಇನ್ನೊಂದು ಆಪರೇಷನ್ ಕಾದಿರುತ್ತದೆ. ಊಟಕ್ಕೆ ಪಥ್ಯ ಏನಿಲ್ಲ. ರೊಟ್ಟಿ, ಪಲ್ಯ, ಹಣ್ಣು ತಿನ್ನಿ. ಗಾಯ ಕೆಂಪಾಗಿ ಕೀವು ಬಂದರೆ, ಜ್ವರ ಮರಳಿದರೆ ತಕ್ಷಣ ತೋರಿಸಿ.

ತೆಗೆದ ಅಪೆಂಡಿಕ್ಸ್ ಏನು ಮಾಡ್ತಾರ?

ಡಬ್ಬಿಯಲ್ಲಿ ಹಾಕಿ ಲ್ಯಾಬಿಗೆ ಕಳಿಸುತ್ತಾರೆ. ಅಪರೂಪಕ್ಕೆ, ನೂರರಲ್ಲಿ ಒಬ್ಬರಷ್ಟು ಜನರಲ್ಲಿ, ಒಳಗೆ ಸಣ್ಣ ಗಡ್ಡೆ ಸಿಗುತ್ತದೆ. ಆಗ ಮುಂದಿನ ಚಿಕಿತ್ಸೆ ಬೇಕಾಗಬಹುದು. ಹೊಲಿಗೆ ಬಿಚ್ಚಿಸಲು ಎಲ್ಲರೂ ಬರುತ್ತಾರೆ, ಈ ವರದಿ ಕೇಳಿದವರು ಕಡಿಮೆ. ನಮ್ಮ ವಾರ್ಡಿನ ಮೇಜಿನ ಡ್ರಾಯರಿನಲ್ಲಿ ಯಾರೂ ಒಯ್ಯದ ವರದಿಗಳ ಕಟ್ಟೇ ಇರುತ್ತಿತ್ತು. ನಿಮ್ಮದನ್ನು ಇಸಿದುಕೊಂಡು, ಡಾಕ್ಟರಿಗೆ ಓದಿಸಿ, ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಚೀಲದಲ್ಲೇ ಜೋಪಾನವಾಗಿ ಇಡಿ.